ಸದ್ದು ಮಾಡದ ತಿಂಡಿ

ಬೇಕರಿಯ ಮೇಲಿನ ಮನೆ
ಜೂನ್ ೬

ನನ್ನ ಮುದ್ದು ಅಕ್ಕಾ,

ಮೊದಲೇ ಒಂದು ಶರತ್ತು. ನನ್ನ ಕನ್ನಡ ಓದಿ ನಗಬಾರದು. ನನ್ನನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿದವಳು ನೀನೇ, ಹಾಗಾಗಿ ಒತ್ತಕ್ಷರ ತಪ್ಪಿದರೆ ಪಾಪ ನಿನ್ನ ತಲೆಗೆ. ಹಡಗಿಗೆ ಫೋನು ಸಿಗುವುದಿಲ್ಲ, ಹೇಳದೆ ಇದ್ದರೆ ನನಗೆ ಹೊಟ್ಟೆ ಉಬ್ಬುತ್ತದೆ. ಸಹಿಸಿಕೋ.

ಅಕ್ಕಾ, ಗಂಡ ಎನ್ನುವುದು ಇಷ್ಟು ಚೆನ್ನಾಗಿರುತ್ತದೆ ಎಂದು ನೀನು ಯಾಕೆ ಒಂದು ಮಾತೂ ಹೇಳಲಿಲ್ಲ? (ಸಾರಿ, ಸಾರಿ. ನಿನ್ನನ್ನು ಬಿಟ್ಟುಹೋದವನ ನೆನಪಾಯಿತು. ಈ ಸಾಲು ಓದದೆ ಮುಂದೆ ಹೋಗು.) ಇವರು ಮೈತುಂಬ ಬಿಸಿ ಬ್ರೆಡ್ಡಿನ ವಾಸನೆ ಹೊತ್ತು ಮನೆಗೆ ಬರುತ್ತಾರೆ. ಹುಬ್ಬಿನ ತುಂಬ ಮೈದಾ ಹಿಟ್ಟು. ಎದುರಿನ ದರ್ಜಿ ನಿನ್ನೆ ನನ್ನನ್ನು ನಿಲ್ಲಿಸಿ, "ಏನಮ್ಮಾ, ಮದುವೆಯಾಗಿ ತಿಂಗಳಿಗೇ ಯಜಮಾನರ ಹುಬ್ಬು ನರೆಯೋ ಹಾಗೆ ಮಾಡಿಬಿಟ್ರಲ್ಲ!" ಎಂದ. ನಾನು ನಗುತ್ತಾ ಮೆಟ್ಟಿಲಲ್ಲೇ ಕೂತುಬಿಟ್ಟೆ.

ಇವರದು ಉಲ್ಟಾ ದಿನಚರಿ. ರಾತ್ರಿಯೆಲ್ಲ ಒಲೆಯ ಮುಂದೆ, ಬೆಳಗ್ಗೆ ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಬ್ರೆಡ್ಡು. ಆಮೇಲೆ ಬಂದು ಮಲಗಿದರೆ ಏಳುವುದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಎದ್ದ ತಕ್ಷಣ ಕೂದಲು ಕೋಳಿಜುಟ್ಟಿನ ಹಾಗೆ ನಿಂತಿರುತ್ತದೆ, ನನ್ನನ್ನು ನೋಡಿ ನಗುತ್ತಾರೆ. ಆ ನಗುವಿಗಾಗಿ ನಾನು ಇಡೀ ಮಧ್ಯಾಹ್ನ ಕಾಯುತ್ತೇನೆ. ನನಗೆ ಹುಚ್ಚು ಹಿಡಿದಿದೆ ಅಂದುಕೋ.

ಈಗ ನಿನ್ನ ಮಗನ ವಿಷಯ. ಅವನಿಗೆ ಮಿಡತೆ ಎಂದು ಯಾಕೆ ಹೆಸರಿಟ್ಟೆ ಎನ್ನುವುದು ಮೊದಲ ವಾರವೇ ಗೊತ್ತಾಯಿತು. ಶಾಲೆಯಿಂದ ಬಂದವನೇ ಸೋಫಾದಿಂದ ಮಂಚಕ್ಕೆ, ಮಂಚದಿಂದ ನೆಲಕ್ಕೆ. ನಮ್ಮದು ಮರದ ನೆಲ, ತಮಟೆ ಬಾರಿಸಿದ ಹಾಗೆ ಕೇಳುತ್ತದೆ. ಇವರು ಒಲೆ ಸಿಡಿಯಿತೆಂದು ಬೆಚ್ಚಿ ಎದ್ದು ಕೂತರು. ಬೈಯಲಿಲ್ಲ. ಆದರೆ ಆ ರಾತ್ರಿ ನಿದ್ದೆಗಣ್ಣಿನಲ್ಲಿ ಕಾದ ತಟ್ಟೆ ಮುಟ್ಟಿ ಮಣಿಕಟ್ಟು ಸುಟ್ಟುಕೊಂಡು ಬಂದರು ಅಕ್ಕಾ. ಬೊಬ್ಬೆ ನೋಡಿ ನಾನು ಅತ್ತುಬಿಟ್ಟೆ. ಅವತ್ತೇ ನಿರ್ಧರಿಸಿದೆ, ಇನ್ನು ಈ ಮನೆಯಲ್ಲಿ ಇವರ ನಿದ್ದೆ ಕೆಡಬಾರದು.

ನನ್ನ ಬುದ್ಧಿ ಮೆಚ್ಚಿಕೋ. ಬಾಗಿಲ ಕೀಲಿಗೆ ಎಣ್ಣೆ ಬಿಟ್ಟೆ. ಕುರ್ಚಿಯ ಕಾಲುಗಳಿಗೆ ಹಳೆಯ ಕಾಲುಚೀಲ ತೊಡಿಸಿದೆ. ಟಿವಿಗೆ ಸದ್ದೇ ಇಲ್ಲ; ನಿನ್ನ ಮಗ ಈಗ ತುಟಿ ನೋಡಿಯೇ ಮಾತು ತಿಳಿಯುತ್ತಾನೆ. ತಿಂಡಿಯೂ ಅಷ್ಟೇ. ಸೇಬು ಕಚ್ಚಿದರೆ ಕರಕ್ ಅನ್ನುತ್ತದೆ, ಕ್ಯಾರೆಟ್ಟು ಇನ್ನೂ ಜೋರು, ಹುರಿದ ಕಡಲೆಕಾಯಿಯಂತೂ ಪಟಾಕಿ. ಎಲ್ಲಕ್ಕೂ ರಜೆ ಕೊಟ್ಟೆ. ಕ್ರೀಂ ಬನ್ನು, ಕೇಕು, ಹಾಲಿನಲ್ಲಿ ಅದ್ದಿದ ಬ್ರೆಡ್ಡು ತಿಂದರೆ ಪಕ್ಕದಲ್ಲಿರುವ ಬೆಕ್ಕಿಗೂ ಕೇಳಿಸುವುದಿಲ್ಲ! ಬೇಕರಿಯಲ್ಲಿ ಉಳಿದದ್ದು ದಿನಾ ಬುಟ್ಟಿ ತುಂಬ ಮೇಲೆ ಬರುತ್ತದೆ. ಅವನು ಕೂತಲ್ಲಿಂದಲೇ ಬೆರಳೆತ್ತಿ "ಚಿಕ್ಕೀ, ಇನ್ನೊಂದು" ಎಂದು ಪಿಸುಗುಟ್ಟುತ್ತಾನೆ. ಎಷ್ಟು ಮುದ್ದು ಬರುತ್ತದೆ ಗೊತ್ತಾ?

ನಿನ್ನ
ಗೆಜ್ಜೆ


ಹಡಗು
ಜುಲೈ ೯

ಗೆಜ್ಜೆ,

ನಿನ್ನ ಕಾಗದ ಈ ಬಂದರಿನಲ್ಲಿ ಸಿಕ್ಕಿತು. ಓದುತ್ತಾ ನಿದ್ದೆ ಬಂತು. ಕಾಗದದ ತಪ್ಪಲ್ಲ, ಕಾಲಿನದು. ನಮ್ಮ ಲಾಂಡ್ರಿ ಹಡಗಿನ ತೀರಾ ತಳದಲ್ಲಿದೆ. ಹೊರಗೆ ಸಮುದ್ರವಿದೆ ಎಂದು ಪ್ರಯಾಣಿಕರು ಹೇಳಿಕೊಳ್ಳುತ್ತಾರೆ, ನಂಬುತ್ತೇನೆ. ನನಗೆ ಕಾಣುವುದು ದುಪ್ಪಟಿ. ಒಗೆದ ದುಪ್ಪಟಿ, ಒಗೆಯದ ದುಪ್ಪಟಿ, ಬಿಸಿಹಬೆ.

ಒತ್ತಕ್ಷರ ಐದಾರು ಕಡೆ ತಪ್ಪಿದೆ. ಇರಲಿ. ನಿನ್ನ ಬನ್ನಿನ ರಾಜ ಒಳ್ಳೆಯವನು ಎಂದು ಮದುವೆಯ ದಿನವೇ ಗೊತ್ತಾಗಿತ್ತು. ಬೇರೆಯವಳ ಮಗನನ್ನು ಮೂರು ವರ್ಷ ಇಟ್ಟುಕೊಳ್ಳಲು ಒಪ್ಪುವ ಹೊಸ ಅಳಿಯಂದಿರು ಎಷ್ಟು ಜನ ಇರುತ್ತಾರೆ? ಅವನ ನಿದ್ದೆ ಕೆಡಿಸಬೇಡಿ. ಮೂರು ವರ್ಷ ಮುಗಿಸಿದರೆ ಕಂಪನಿಯವರು ಬಂದರಿನ ಲಾಂಡ್ರಿಗೆ ಹಾಕುತ್ತಾರೆ, ಮಕ್ಕಳ ಜೊತೆ ಇರುವವರಿಗೆ ಮನೆಯೂ ಕೊಡುತ್ತಾರೆ. ನಡುವೆ ಇಳಿದರೆ ಏನೂ ಇಲ್ಲ. ಆ ಒಂದು ಮನೆಗಾಗಿ ನಾನು ಈ ಹಬೆಯಲ್ಲಿ ಬೇಯುತ್ತಿದ್ದೇನೆ.

ಮಿಡತೆ ಸುಮ್ಮನೆ ಕೂರುತ್ತಾನೆ ಎಂದರೆ ನಂಬಲು ಆಗುತ್ತಿಲ್ಲ. ಬುದ್ಧಿ ಬಂತೇನೋ. ಒಂದೇ ಮಾತು ನೆನಪಿಡು. ಅವನು ತಿನ್ನುವಾಗ ಯಾರೂ "ಸಾಕು" ಅನ್ನಬಾರದು. ದೊಡ್ಡಮ್ಮನ ಮನೆಯಲ್ಲಿ ನಾವು ಕೈ ಚಾಚಿದ ಕೂಡಲೇ ಪಾತ್ರೆಯ ಮುಚ್ಚಳ ಬೀಳುತ್ತಿತ್ತಲ್ಲ, ಆ ಸದ್ದು ನನ್ನ ಮಗನಿಗೆ ಗೊತ್ತಾಗಕೂಡದು. ಕೇಳಿದಷ್ಟು ಕೊಡು.

ಚಾಕಲೇಟು, ಸಿಹಿ ಹಾಲಿನ ಡಬ್ಬಿ ಕಳಿಸಿದ್ದೇನೆ. ಹಡಗಿನ ಅಂಗಡಿಯಲ್ಲಿ ಮಕ್ಕಳಿಗೆ ಕಳಿಸುವಂಥದ್ದು ಬೇರೇನೂ ಸಿಗುವುದಿಲ್ಲ.

ಅಕ್ಕ


ಬೇಕರಿಯ ಮೇಲಿನ ಮನೆ
ಡಿಸೆಂಬರ್ ೧೪

ಅಕ್ಕಾ ಅಕ್ಕಾ ಅಕ್ಕಾ,

ಕಾರ್ಡುಗಳನ್ನು ಬಿಟ್ಟರೆ ಕಾಗದವನ್ನೇ ಬರೆದಿಲ್ಲ ಎಂದು ಬೈಯಬೇಡ. ಇವರು ಸೆಕೆಂಡ್ ಹ್ಯಾಂಡ್ ಸ್ಕೂಟರ್ ತಂದಿದ್ದಾರೆ! ಸಂಜೆ ಇವರು ಎದ್ದ ಮೇಲೆ ಕೆಲಸಕ್ಕೆ ಹೋಗುವವರೆಗೆ ನಮ್ಮಿಬ್ಬರದೇ ರಾಜ್ಯ. ಸೇತುವೆಯವರೆಗೆ ಹೋಗಿ ಬರುತ್ತೇವೆ. ಮಿಡತೆ ಕಿಟಕಿಯಲ್ಲಿ ಕೂತು ಕೈ ಬೀಸುತ್ತಾನೆ. ರಸ್ತೆಗೆ ಬಿಡಲು ನನಗೆ ಧೈರ್ಯವಿಲ್ಲ, ಲಾರಿಗಳು ಮೈಮೇಲೇ ಬರುತ್ತವೆ. ಹಿಂದಿನ ಖಾಲಿ ಜಾಗದಲ್ಲಿ ಕಾರು ನಿಲ್ಲಿಸಲು ಶೆಡ್ಡು ಕಟ್ಟಿದ್ದಾರೆ. ಶಾಲೆಗೆ ಮೊದಲು ನಡೆದು ಹೋಗುತ್ತಿದ್ದ, ಈಗ ರಾಜಕುಮಾರನ ಹಾಗೆ ಬ್ರೆಡ್ಡಿನ ವ್ಯಾನಿನಲ್ಲಿ ಸವಾರಿ.

ನಿನ್ನ ಮಗ ಎಷ್ಟು ತುಂಬಿಕೊಂಡಿದ್ದಾನೆ ನೋಡಬೇಕು! ಕೆನ್ನೆ ಥೇಟ್ ನಮ್ಮ ಬನ್ನು. ದರ್ಜಿ ಚಡ್ಡಿಯ ಹೊಲಿಗೆ ಮತ್ತೆ ಬಿಚ್ಚಿ, "ಒಳಗಡೆ ಇನ್ನು ಬಟ್ಟೇನೇ ಇಲ್ಲ ತಾಯಿ, ಮುಂದಿನ ಸಲ ಟೆಂಟು ಹೊಲಿಯೋನ ಹತ್ರ ಹೋಗಿ" ಎಂದ. ದೃಷ್ಟಿ ತಾಗೀತು ಎಂದು ಬಾಯಿ ಮುಚ್ಚಿಸಿದೆ. ಬರೀ ಬನ್ನು ಕೊಡುತ್ತೇನೆ ಎಂದುಕೊಳ್ಳಬೇಡ, ಹಣ್ಣಿನ ಜ್ಯೂಸಿನ ಬಾಟಲು ಯಾವಾಗಲೂ ಕೈಯಲ್ಲೇ ಇರುತ್ತದೆ. ಹಣ್ಣು ಒಳ್ಳೆಯದಲ್ಲವಾ?

ನಮ್ಮ ಊಟವೇ ತಡ, ಹಾಗಾಗಿ ಅವನು ಮಲಗುವುದೂ ತಡ. ಗೊರಕೆ ಹೊಡೆಯುತ್ತಾನೆ ಅಕ್ಕಾ! ಕೆಳಗೆ ಹಿಟ್ಟು ಕಲಸುವ ಯಂತ್ರ, ಮೇಲೆ ಇವನು, ಜುಗಲ್‌ಬಂದಿ. ನಡುನಡುವೆ ನಿಲ್ಲಿಸಿ, ಗಕ್ ಎಂದು ಮತ್ತೆ ಶುರುಮಾಡುತ್ತಾನೆ.

ಒಂದೇ ದೂರು. ಸ್ನಾನ ಸರಿಯಾಗಿ ಮಾಡುವುದಿಲ್ಲ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಕಪ್ಪು ಕೊಳೆ ಕೂತಿದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ.

ಫೋಟೋ ಇಟ್ಟಿದ್ದೇನೆ. ನನ್ನ ಹೊಸ ಕಿವಿಯೋಲೆ ನೋಡು!

ಗೆಜ್ಜೆ


ಹಡಗು
ಜನವರಿ ೩೦

ಗೆಜ್ಜೆ,

ಓಲೆ ಚೆನ್ನಾಗಿದೆ. ಆದರೆ ಮೂರೂ ಫೋಟೋದಲ್ಲಿ ಮಿಡತೆ ಏನಾದರೊಂದರ ಹಿಂದೆ ನಿಂತಿದ್ದಾನೆ. ಒಂದರಲ್ಲಿ ಮೇಜು, ಒಂದರಲ್ಲಿ ನಿನ್ನ ಗಂಡ, ಇನ್ನೊಂದರಲ್ಲಿ ಬರೀ ತಲೆ. ಯಾಕೆ? ಬಟ್ಟೆ ಸರಿ ಇಲ್ಲವಾ? ನಿನ್ನ ಪತ್ರದ ಕೊನೆಯಲ್ಲಿ ಅವನು ಒಂದೇ ಸಾಲು ಬರೆದಿದ್ದಾನೆ, "ಚೆನ್ನಾಗಿದ್ದೇನೆ" ಎಂದು. ಮೊದಲು ಯಾರನ್ನು ಓಡಿ ಸೋಲಿಸಿದೆ, ಯಾವ ಗೋಡೆಯಿಂದ ಹಾರಿದೆ ಎಂದು ಪುಟ ತುಂಬಿಸುತ್ತಿದ್ದ.

ನನ್ನ ನೆನಪಾಗಿ ಮಂಕಾಗಿದ್ದಾನೆ ಅನ್ನಿಸುತ್ತದೆ. ಚಾಕಲೇಟು ಈ ಸಲ ಎರಡರಷ್ಟು ಕಳಿಸಿದ್ದೇನೆ.

ಕುತ್ತಿಗೆಗೆ ಎಣ್ಣೆ ಹಚ್ಚಿ, ಬಿಸಿನೀರಿನಲ್ಲಿ ಒರಟು ಬಟ್ಟೆ ಅದ್ದಿ ತಿಕ್ಕು. ಅವನ ಅಪ್ಪನ ಕುತ್ತಿಗೆಯೂ ಹಾಗೇ ಇತ್ತು. ಮೈಗಳ್ಳತನ, ಮತ್ತೇನು.

ಬೆನ್ನು ನೋಯುತ್ತಿದೆ. ಇಷ್ಟಕ್ಕೆ ನಿಲ್ಲಿಸುತ್ತೇನೆ.

ಅಕ್ಕ


ಬೇಕರಿಯ ಮೇಲಿನ ಮನೆ
ಆಗಸ್ಟ್ ೧೮

ಅಕ್ಕಾ,

ಎಲ್ಲರೂ ಕ್ಷೇಮ. ಶಾಲೆಯಲ್ಲಿ ಆಟೋಟದ ದಿನ ಮುಗಿಯಿತು. ಮಿಡತೆ ಕುರ್ಚಿ ಜೋಡಿಸಲು ಸಹಾಯ ಮಾಡಿದ.

ಸ್ವಲ್ಪ ದಿನ ಪಾರ್ಸೆಲ್ ಕಳಿಸಬೇಡ. ಮನೆಯಲ್ಲಿ ಇರುವೆ ಜಾಸ್ತಿಯಾಗಿದೆ.

ಗೆಜ್ಜೆ


ಹಡಗು
ಸೆಪ್ಟೆಂಬರ್ ೨೧

ಗೆಜ್ಜೆ,

ನೀನು ಹುಟ್ಟಿದಾಗಿನಿಂದ ಇಷ್ಟು ಕಡಿಮೆ ಮಾತಾಡಿದ್ದು ನನಗೆ ನೆನಪಿಲ್ಲ. ಜ್ವರ ಬಂದಾಗಲೂ ಬಾಯಿ ಮುಚ್ಚದವಳು ನೀನು.

ಇರುವೆಗೆ ಮುಚ್ಚಳದ ಡಬ್ಬಿ ಸಾಕು. ನನಗೆ ಕಥೆ ಹೇಳಬೇಡ. ನನ್ನ ಮಗನಿಂದ ನಿಮ್ಮಿಬ್ಬರ ನಡುವೆ ಏನಾದರೂ ಬಂದಿದೆಯಾ? ನಿನ್ನ ಯಜಮಾನರಿಗೆ ಭಾರ ಅನ್ನಿಸುತ್ತಿದ್ದರೆ ನೇರವಾಗಿ ಬರೆ, ನಾನು ತಪ್ಪು ತಿಳಿಯುವುದಿಲ್ಲ. ಫೆಬ್ರವರಿಯಲ್ಲಿ ಹಡಗು ಎಣ್ಣೆ ತುಂಬಿಸಿಕೊಳ್ಳಲು ನಮ್ಮ ಬಂದರಿಗೆ ಬರುತ್ತದೆ. ಬೇಕಾದರೆ ಇಳಿದುಬಿಡುತ್ತೇನೆ. ಬಂದರಿನ ಕೆಲಸ, ಮನೆ ಎರಡೂ ಹೋಗುತ್ತವೆ, ಹೋಗಲಿ. ಗೊತ್ತಿಲ್ಲದೆ ಇಲ್ಲಿ ನಿಂತು ಇಸ್ತ್ರಿ ಮಾಡುವುದು ಇನ್ನು ನನ್ನಿಂದ ಆಗುವುದಿಲ್ಲ.

ಮತ್ತೆ, ಅವನು ಯಾಕೆ ಕುರ್ಚಿ ಜೋಡಿಸಿದ? ಯಾಕೆ ಓಡಲಿಲ್ಲ?

ಅಕ್ಕ


ಬೇಕರಿಯ ಮೇಲಿನ ಮನೆ
ನವೆಂಬರ್ ೫

ಅಕ್ಕಾ,

ನಿನ್ನ ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಅವನು ಓಡಿದ. ಅರ್ಧದಲ್ಲಿ ಮಂಡಿ ಹಿಡಿದುಕೊಂಡು ಗೆರೆಯ ಮೇಲೇ ಕೂತುಬಿಟ್ಟ. ಉಸಿರು ಹತ್ತುತ್ತಿರಲಿಲ್ಲ. ಮಕ್ಕಳು "ಡ್ರಮ್ಮೂ, ಓಡಕ್ಕಾಗ್ದಿದ್ರೆ ಉರುಳೋ!" ಎಂದು ಕೂಗಿದರು. ಡ್ರಿಲ್ ಮಾಸ್ತರರು ಕುರ್ಚಿ ಎತ್ತಿಡುವ ಕೆಲಸ ಕೊಟ್ಟು ಅವನ ಮಾನ ಉಳಿಸಿದರು. ಮನೆಗೆ ಬಂದು ಪಿಸುಮಾತಿನಲ್ಲಿ ಬನ್ನು ಕೇಳಿದ. ನಾನು ಎರಡು ಕೊಟ್ಟೆ.

ಆ ವಾರ ಶಾಲೆಗೆ ಡಾಕ್ಟರ್ ಬಂದಿದ್ದರು. ನನಗೆ ಕರೆ ಬಂತು. ಹಲ್ಲಿನ ವಿಷಯ ಇರಬೇಕು ಎಂದುಕೊಂಡು ಹೋದೆ. ಆಕೆ ಅವನ ಕಾಲರ್ ಸರಿಸಿ ನೋಡಿದರು.

"ಇಲ್ಲಿ ಯಾಕಮ್ಮ ಗಾಯ ಆಗಿದೆ?"

"ಕೊಳೆ ಡಾಕ್ಟರ್, ಉಜ್ಜಿ ಉಜ್ಜಿ..."

"ಏನ್ ಹಾಕಿ ಉಜ್ತೀರಿ?"

"ಪಾತ್ರೆ ತಿಕ್ಕೋ ನಾರು."

ಆಕೆ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಇದು ಕೊಳೆ ಅಲ್ಲಮ್ಮ. ಎಷ್ಟು ತಿಕ್ಕಿದ್ರೂ ಹೋಗಲ್ಲ. ಮೈಗೆ ಸಕ್ಕರೆ ಸಂಭಾಳಿಸಕ್ಕೆ ಕಷ್ಟ ಆಗ್ತಿದೆ ಅಂತ ಚರ್ಮ ಹೇಳ್ತಾ ಇದೆ. ಗೊರಕೆ ಹೊಡೀತಾನಾ?"

ಅಕ್ಕಾ, ಆ ಗೊರಕೆಯನ್ನು ನಾನು ಜುಗಲ್‌ಬಂದಿ ಎಂದು ನಿನಗೆ ಬರೆದಿದ್ದೆ. ನಡುವೆ ನಿಲ್ಲುತ್ತಿತ್ತಲ್ಲ, ಆಗ ಅವನ ಉಸಿರೇ ನಿಲ್ಲುತ್ತಿತ್ತಂತೆ. ರಾತ್ರಿ ನಿದ್ದೆ ಸಾಲದೆ ತರಗತಿಯಲ್ಲಿ ತೂಕಡಿಸುತ್ತಿದ್ದ. ಟೀಚರು ಸೋಮಾರಿ ಎಂದರು, ನಾನೂ ಹೌದು ಎಂದೆ.

ರಕ್ತ ಪರೀಕ್ಷೆ ಆಯಿತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ. ಪಿತ್ತಕೋಶದ ಪಕ್ಕದ ಯಕೃತ್ತು ಇದೆಯಲ್ಲ, ಲಿವರ್, ಅದರಲ್ಲಿ ಕೊಬ್ಬು ಸೇರುತ್ತಿದೆ. ರಕ್ತದ ಒತ್ತಡ ವಯಸ್ಸಿಗೆ ಮೀರಿದ್ದು. ಹೀಗೇ ಬಿಟ್ಟರೆ ದೊಡ್ಡವನಾಗುವ ಮೊದಲೇ ದೊಡ್ಡವರ ಕಾಯಿಲೆಗಳು ಬರುತ್ತವೆ ಎಂದರು. ಒಂಬತ್ತು ವರ್ಷದ ಹುಡುಗ, ಅಕ್ಕಾ.

ಆಕೆ ದಿನಚರಿ ಕೇಳಿದರು, ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಕೇಳಿಸತೊಡಗಿತು. ಓಡಬೇಡ, ಹಾರಬೇಡ, ಟಿವಿ ಮುಂದೆ ಕೂರು, ಬನ್ನು ತಿನ್ನು, ಜ್ಯೂಸು ಕುಡಿ, ತಡವಾಗಿ ಮಲಗು, ವ್ಯಾನಿನಲ್ಲಿ ಹೋಗು. "ಜ್ಯೂಸು ಹಣ್ಣಲ್ಲ, ಸಕ್ಕರೆ ನೀರು" ಎಂದರು. ತಂದೆಯ ಕಡೆ ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳಿದರು. ಇದೆ ಎಂದೆ. "ಹಾಗಾದ್ರೆ ಬೀಜ ಮೊದ್ಲೇ ಇತ್ತು. ನೀರು ಹಾಕಿದ್ದು ಮನೆ. ತಪ್ಪು ಹುಡುಗಂದಲ್ಲ, ಅದನ್ನ ಅವನಿಗೆ ಮೊದ್ಲು ಹೇಳಿ."

ನಾನು ಹೇಳಲಿಲ್ಲ. ಇದು ನಿನಗೆ ಬರೆಯಲು ಕೈ ಬಾರದ ಭಾಗ. ಆಗಸ್ಟಿನ ಆ ಚೀಟಿಯಂಥ ಕಾಗದ ಬರೆದಾಗ ನಾನು ಅವನನ್ನು ಉಪವಾಸ ಕೆಡವಿದ್ದೆ. ನೀನು ಬರುವುದರೊಳಗೆ ಸರಿಮಾಡಿ, ಏನೂ ಆಗದ ಹಾಗೆ ಒಪ್ಪಿಸಿಬಿಡಬೇಕು ಎನ್ನುವ ಹಟ. ಡಾಕ್ಟರ್ "ಹೊಟ್ಟೆ ಕಟ್ಟಬೇಡಿ" ಎಂದು ಸ್ಪಷ್ಟವಾಗಿ ಹೇಳಿದ್ದರು. ಆದರೂ ಕಪಾಟಿಗೆ ಬೀಗ ಹಾಕಿದೆ. ನಾವು ಊಟ ಮಾಡುವಾಗ ಅವನ ಮುಂದೆ ಸೌತೆಕಾಯಿ ಇಟ್ಟೆ. ಅವನು ಅಳಲಿಲ್ಲ. ಅವನಿಗೆ ಸದ್ದು ಮಾಡದೆ ಇರುವುದನ್ನು ನಾನೇ ಕಲಿಸಿದ್ದೆನಲ್ಲ.

ಒಂದು ದಿನ ಶಾಲೆಗೆ ಬಿಡುವಾಗ ವ್ಯಾನಿನ ಹಿಂಬಾಗಿಲು ತೆಗೆದರೆ ಖಾಲಿ ಟ್ರೇಗಳ ನಡುವೆ ಕೂತು ಬನ್ನನ್ನು ಎರಡೂ ಕೈಯಿಂದ ಬಾಯಿಗೆ ತುರುಕಿಕೊಳ್ಳುತ್ತಿದ್ದ. ನಾನು ಕಿತ್ತುಕೊಂಡೆ. "ಕಳ್ಳ! ನಿನ್ನಮ್ಮಂಗೆ ನಾನೇನು ಮುಖ ತೋರಿಸ್ಲೋ?" ಎಂದು ರಸ್ತೆಯಲ್ಲೇ ಕಿರುಚಿದೆ. ಅವನು ಬಾಯಲ್ಲಿದ್ದದ್ದನ್ನು ಕೈಗೆ ಉಗುಳಿ ನನಗೆ ವಾಪಸ್ ಕೊಟ್ಟ.

ಇವರು ಸ್ಟಿಯರಿಂಗ್ ಹಿಡಿದು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಮನೆಗೆ ಬಂದ ಮೇಲೆ ಮೊದಲ ಸಲ ಕೇಳಿದರು, "ಕುರ್ಚಿಗೆ ಯಾಕೆ ಕಾಲುಚೀಲ?" ಅಷ್ಟು ದಿನ ಅದೇನೋ ಹೊಸ ಹೆಂಡತಿಯ ಅಲಂಕಾರ ಎಂದುಕೊಂಡಿದ್ದರಂತೆ! ಹೇಳಿದೆ. ಆಮೇಲೆ, "ನನ್ನ ನಿದ್ದೆಗೆ ಅಂತ ಒಂದು ಮಗೂನ ಕೂರಿಸಿಬಿಟ್ಟಿದ್ದೀಯಲ್ಲೇ. ನನ್ನನ್ನ ಒಂದ್ ಮಾತು ಕೇಳಬಾರದಿತ್ತಾ?" ಎಂದರು. ಹಾಸಿಗೆ ಸುತ್ತಿಕೊಂಡು ಕೆಳಗೆ ಹಿಟ್ಟಿನ ಗೋದಾಮಿಗೆ ಹೋದರು. ಜಗಳವಾಡಿ ಅಲ್ಲ. ಆದರೂ ಹೋದರು. ಅಂದಿನಿಂದ ಅಲ್ಲೇ ಮಲಗುತ್ತಾರೆ, ಮೂಟೆಗಳ ನಡುವೆ.

ಇಷ್ಟೂ ದಿನ ನಿನಗೆ ಬಚ್ಚಿಟ್ಟೆ. ಫೋಟೋದಲ್ಲಿ ಅವನನ್ನು ಹಿಂದೆ ನಿಲ್ಲಿಸಿದ್ದು ಮಾತ್ರ ನಾನಲ್ಲ. ಅವನೇ ಹೋಗಿ ನಿಲ್ಲುತ್ತಿದ್ದ. ನಾನು ಓಲೆಯ ಸಂಭ್ರಮದಲ್ಲಿ ಗಮನಿಸಲಿಲ್ಲ.

ಇಳಿದು ಬಾ ಎನ್ನಲು ನಾಲಿಗೆ ಬರುತ್ತಿಲ್ಲ. ಬರಬೇಡ ಎನ್ನಲು ನಾನು ಯಾರು?

ಗೆಜ್ಜೆ


ಹಡಗು
ಡಿಸೆಂಬರ್ ೨೦

ತಂಗಿ,

ನಿನ್ನನ್ನು ಬೈದು ಕಾಗದ ಬರೆದೆ. ಹರಿದೆ. ಮತ್ತೆ ಬರೆದೆ. ಅದರಲ್ಲಿ ಬಂದ ಮಾತುಗಳು ದೊಡ್ಡಮ್ಮನ ಮಾತುಗಳ ಹಾಗಿದ್ದವು. ಅದನ್ನೂ ಹರಿದೆ.

ನಾರು ಹಾಕಿ ತಿಕ್ಕಿದವಳು ನೀನು. ತಿಕ್ಕು ಎಂದು ಬರೆದವಳು ನಾನು. ಕೇಳಿದಷ್ಟು ಕೊಡು ಎಂದವಳು ಯಾರು? ಎರಡರಷ್ಟು ಚಾಕಲೇಟು ಕಳಿಸಿದವಳು ಯಾರು? ಹೊಟ್ಟೆ ತುಂಬಿದ ಮಗುವನ್ನು ನಾನು ನೋಡಿರಲೇ ಇಲ್ಲವೇನೋ. ಹಸಿದ ಮಕ್ಕಳು ಮಾತ್ರ ಗೊತ್ತು, ನಾನು, ನೀನು. ಅವನು ಹಸಿದಿದ್ದಾನೋ, ಬೇಸರಗೊಂಡಿದ್ದಾನೋ, ನನ್ನನ್ನು ನೆನೆಯುತ್ತಿದ್ದಾನೋ ಎಂದು ವಿಚಾರಿಸುವ ವ್ಯವಧಾನ ನನಗಿರಲಿಲ್ಲ. ಎಲ್ಲಕ್ಕೂ ಒಂದೇ ಡಬ್ಬಿ ಕಳಿಸಿದೆ.

ಸಿಟ್ಟು ಇಲ್ಲ ಎಂದಲ್ಲ. ಆ ವ್ಯಾನಿನ ಮಾತು ಓದಿದ ಮೇಲೆ ಇಸ್ತ್ರಿಪೆಟ್ಟಿಗೆ ಎತ್ತುವುದನ್ನು ಮರೆತು ಎರಡು ದುಪ್ಪಟಿ ಸುಟ್ಟೆ. ಆದರೆ ಸಿಟ್ಟು ಮಾಡಿಕೊಳ್ಳಲೂ ಶಕ್ತಿ ಬೇಕು.

ಫೆಬ್ರವರಿ ಹನ್ನೊಂದಕ್ಕೆ ಹಡಗು ಅಲ್ಲಿರುತ್ತದೆ, ಅರ್ಧ ದಿನ. ಅವನನ್ನು ಕರೆದುಕೊಂಡು ಬಾ. ಪೆಟ್ಟಿಗೆ ಕಟ್ಟಿಕೊಂಡು ಇಳಿಯುತ್ತೇನೆ. ಮಿಕ್ಕದ್ದು ಅವನ ಮುಖ ನೋಡಿದ ಮೇಲೆ.

ಬೀಗ ತೆಗೆ. ಇವತ್ತೇ.

ಅಕ್ಕ


ಬೇಕರಿಯ ಮೇಲಿನ ಮನೆ
ಫೆಬ್ರವರಿ ೨೬

ಅಕ್ಕಾ,

ನೀನು ಹೋಗಿ ಎರಡು ವಾರವಾಯಿತು. ಬಂದರಿನಲ್ಲಿ ನಾವಿಬ್ಬರೂ ಸರಿಯಾಗಿ ಮಾತಾಡಲೇ ಇಲ್ಲ, ಹಾಗಾಗಿ ಬರೆಯುತ್ತೇನೆ.

ನೀನು ಅವನನ್ನು ಅಪ್ಪಿಕೊಂಡಾಗ ನಾನು ಟಿಕೆಟ್ ಕಿಟಕಿಯ ಹತ್ತಿರ ನಿಂತಿದ್ದೆ. ನಿನ್ನ ಎರಡು ಕೈಗಳು ಅವನ ಬೆನ್ನ ಹಿಂದೆ ಒಂದನ್ನೊಂದು ಹುಡುಕಿದವು. ಸಿಗಲಿಲ್ಲ. ಆಗ ನೀನು ಅವನ ಅಂಗಿಯನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡೆ. ನಾನು ಆ ಕಡೆ ತಿರುಗಿ ಹಡಗುಗಳ ವೇಳಾಪಟ್ಟಿ ಓದಿದೆ, ಒಂದಕ್ಷರವೂ ಕಾಣಲಿಲ್ಲ.

ನಿನ್ನ ಪೆಟ್ಟಿಗೆ ನೋಡಿ, ಸರಿ, ಅಕ್ಕ ಇಳಿದೇಬಿಟ್ಟಳು ಎಂದುಕೊಂಡೆ. ಆಗ ಅವನು ಕೇಳಿದ್ದು ನನಗೂ ಕೇಳಿಸಿತು.

"ಅಮ್ಮಾ, ಪೆಟ್ಟಿಗೆ ಯಾಕೆ ತಂದೆ? ನಾನು ದಪ್ಪ ಆದೆ ಅಂತ ಕೆಲಸ ಬಿಟ್ಟುಬಿಟ್ಯಾ?"

ನೀನು ಎಷ್ಟು ಬೇಗ ಉತ್ತರ ಕೊಟ್ಟೆ! "ಇಲ್ಲ ಕಣೋ ಪುಟ್ಟಾ, ಬೀಗ ಕೆಟ್ಟಿತ್ತು. ರಿಪೇರಿಗೆ ತಂದಿದ್ದೆ."

"ಹಾಗಾದ್ರೆ ಸರಿ. ನಾನು ಹೆದರಿಬಿಟ್ಟೆ."

ಆ ಪೆಟ್ಟಿಗೆಯನ್ನು ಮತ್ತೆ ಹೊತ್ತುಕೊಂಡು ನೀನು ಏಣಿ ಹತ್ತುವಾಗ ಒಮ್ಮೆ ನನ್ನ ಕಡೆ ನೋಡಿದೆ. ಬೈದ ಹಾಗೂ ಇತ್ತು, ಒಪ್ಪಿಸಿದ ಹಾಗೂ ಇತ್ತು. ಎರಡನ್ನೂ ತೆಗೆದುಕೊಂಡೆ ಅಕ್ಕಾ. ತಪ್ಪು ನಿನ್ನದಲ್ಲ ಎಂದು ಅವನಿಗೆ ಬಸ್ಸಿನಲ್ಲೇ ಹೇಳಿದೆ. ಡಾಕ್ಟರ್ ಹೇಳಿ ಆರು ತಿಂಗಳಾದ ಮೇಲೆ. ಅವನು "ಗೊತ್ತು ಚಿಕ್ಕಿ" ಎಂದ. ಗೊತ್ತಿರಲಿಲ್ಲ, ನನ್ನನ್ನು ಸಮಾಧಾನ ಮಾಡಲು ಹಾಗೆ ಹೇಳಿದ.

ನಿನ್ನ ಕಾಗದ ಬಂದ ದಿನವೇ ಕಪಾಟಿನ ಬೀಗ ತೆಗೆದೆ. ಅಂದಿನಿಂದ ಇಲ್ಲಿ ಹೀಗೆ. ಬುಟ್ಟಿ ಮೇಲೆ ಬರುವುದಿಲ್ಲ. ಬನ್ನು ಇಲ್ಲವೇ ಇಲ್ಲ ಎಂದಲ್ಲ. ಭಾನುವಾರ ಮೂವರೂ ಒಂದೊಂದು ತಿನ್ನುತ್ತೇವೆ. ಅವನಿಗೊಂದು ನಮಗೊಂದು ಅಡುಗೆ ಕೂಡದು ಎಂದಿದ್ದಾರೆ ಡಾಕ್ಟರ್, ಹಾಗಾಗಿ ಎಲ್ಲರ ತಟ್ಟೆಯಲ್ಲೂ ಅರ್ಧ ತರಕಾರಿ. ಟಿವಿ ಮುಂದೆ ಊಟವಿಲ್ಲ. ಕುಡಿಯಲು ನೀರು. ಕತ್ತಲಾಗುವ ಹೊತ್ತಿಗೆ ಊಟ, ಬೇಗ ಹಾಸಿಗೆ. ಅವನು ಮಲಗಿದ ಮೇಲೆ ಸ್ಕೂಟರ್ ಹತ್ತುವಂತಿಲ್ಲ, ನಮ್ಮ ಸೇತುವೆ ಹಾಗೇ ಇದೆ, ನಾವು ಹೋಗುವುದಿಲ್ಲ. ಬೆಳಗ್ಗೆ ಶಾಲೆಗೆ ನಡೆದೇ ಹೋಗುತ್ತೇವೆ, ನಾನೂ ಅವನೂ. ದರ್ಜಿ ದಿನಾ ಕೂಗುತ್ತಾನೆ, "ಏನಮ್ಮಾ, ಪೆಟ್ರೋಲ್ ಖಾಲಿನಾ?"

ಮಧ್ಯಾಹ್ನ ಮನೆಯಲ್ಲಿ ಹಾರಬಹುದು ಎಂದೆ. ಬಹಳ ದಿನ ಅವನು ಹಾರಲೇ ಇಲ್ಲ. ಕುರ್ಚಿಯನ್ನೂ ಎಳೆಯದೆ ಎತ್ತಿಡುತ್ತಿದ್ದ. ಕೊನೆಗೆ ನಾನೇ ಸೋಫಾದ ಮೇಲೆ ಹತ್ತಿ, ಸೆರಗು ಸಿಕ್ಕಿಸಿ, ಧಡಾರ್ ಎಂದು ಹಾರಿದೆ. ಕಾಲು ಉಳುಕಿತು. ಅವನು ನೆಲದ ಮೇಲೆ ಬಿದ್ದು ನಕ್ಕ. ಈಗ ಹಿಂದಿನ ಶೆಡ್ಡಿನವರು ಸಂಜೆ ಒಂದು ಗಂಟೆ ಜಾಗ ಬಿಟ್ಟುಕೊಟ್ಟಿದ್ದಾರೆ, ಇವರು ಹೋಗಿ ಕೇಳಿಕೊಂಡರು. ಅಲ್ಲಿ ಓಡುತ್ತಾನೆ. ಸ್ವಲ್ಪ ಓಡುತ್ತಾನೆ, ನಿಲ್ಲುತ್ತಾನೆ, ಮತ್ತೆ ಓಡುತ್ತಾನೆ. ಒಮ್ಮೊಮ್ಮೆ ಬನ್ನಿಗಾಗಿ ಬಾಗಿಲು ಒದ್ದು ರಂಪ ಮಾಡುತ್ತಾನೆ. ನಾನು ಅಡುಗೆಮನೆಯಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ. ಸುಸ್ತಾಗುತ್ತದೆ ಅಕ್ಕಾ. ಮದುವೆಯ ಮೊದಲ ತಿಂಗಳ ಹುಡುಗಿ ಯಾರೋ ಬೇರೆಯವಳು ಅನ್ನಿಸುತ್ತದೆ. ಇವರು ಇನ್ನೂ ಗೋದಾಮಿನಲ್ಲೇ ಮಲಗುತ್ತಾರೆ. ನಾನು ಚಹಾ ತೆಗೆದುಕೊಂಡು ಹೋದರೆ ಮೂಟೆ ಸರಿಸಿ ಜಾಗ ಮಾಡಿಕೊಡುತ್ತಾರೆ. ಅದೇ ಈಗ ನಮ್ಮ ವಿಹಾರ.

ನಿನ್ನೆ ಡಾಕ್ಟರ್ ನೋಡಿದರು. ತೂಕ ಇಳಿದಿಲ್ಲ. ಆಕೆ ಅವನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದು ನಕ್ಕರು. "ತೂಕ ನಿಂತಿದೆ, ಹುಡುಗ ಬೆಳ್ದಿದ್ದಾನೆ. ಬೆಳೆಯೋ ಮಕ್ಕಳಿಗೆ ಇಳಿಸೋ ಆತುರ ಬೇಡ, ನಿಲ್ಲಿಸಿದ್ರೆ ಎತ್ತರ ಬಂದು ಸರಿದೂಗಿಸುತ್ತೆ. ವರ್ಷಗಟ್ಟಲೆ ಹಿಡೀಬಹುದು. ಬೇಜಾರಾಗುತ್ತೆ. ಬಿಡಬೇಡಿ." ಸಕ್ಕರೆ ಮತ್ತೆ ನೋಡಬೇಕಂತೆ. ಕುತ್ತಿಗೆ ಹಾಗೇ ಇದೆ, ಗಾಯ ಮಾತ್ರ ಮಾಯ್ದಿದೆ.

ಇನ್ನೊಂದು ಮಾತು, ಇದನ್ನು ಬರೆಯಲೆಂದೇ ಕೂತಿದ್ದು. ಬಂದರಿನಿಂದ ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಗೆ ಹಣೆ ಒತ್ತಿ ಕೂತಿದ್ದ. ಪಾಪ, ಅಮ್ಮ ಹೋದಳು ಎಂದು ಕೊರಗುತ್ತಿದ್ದಾನೆ ಎಂದುಕೊಂಡೆ. ಆಮೇಲೆ ಕೇಳಿದ, "ಚಿಕ್ಕೀ, ಅಮ್ಮನ ಕೈ ನೋಡಿದ್ಯಾ? ಕಡ್ಡಿ ಆಗಿದೆ. ಅಲ್ಲಿ ಅವಳನ್ನ ಊಟಕ್ಕೆ ಯಾರೂ ಕರೆಯಲ್ವಾ?"

ನಾನು ನೋಡಿರಲಿಲ್ಲ. ನಾವೆಲ್ಲ ಅವನನ್ನು ನೋಡುತ್ತಿದ್ದೆವು. ಅವನು ನಿನ್ನನ್ನು ನೋಡಿದ್ದ. ದಿನಾ ಕೇಳುತ್ತಾನೆ, ಅಮ್ಮನ ಉತ್ತರ ಬಂತಾ ಎಂದು. ನಿಜವನ್ನೇ ಬರೆ ಅಕ್ಕಾ. ಕ್ಷೇಮ ಎಂದು ಬರೆದರೆ ಅವನು ನಂಬುವುದಿಲ್ಲ. "ಚೆನ್ನಾಗಿದ್ದೇನೆ" ಎಂದು ಬರೆದು ಅವನಿಗೂ ಅಭ್ಯಾಸವಿದೆ.

ಗೆಜ್ಜೆ


ಹಡಗು
ಏಪ್ರಿಲ್ ೨

ಗೆಜ್ಜೆ,

ಅವನ ಪ್ರಶ್ನೆಯನ್ನು ಮಡಚಿ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಮೂರ್ನಾಲ್ಕು ದಿನ ತಿರುಗಿದೆ.

ನಿಜ ಹೀಗಿದೆ. ಗಂಟೆ ಹೊಡೆಯುತ್ತದೆ, ಎಲ್ಲರೂ ಮೇಲೆ ಹೋಗುತ್ತಾರೆ. ನಾನು ಹೋಗುವುದಿಲ್ಲ. ಮೆಟ್ಟಿಲು ಹತ್ತಲು ಬೇಸರ. ಯಂತ್ರಕ್ಕೆ ಒರಗಿ ಚಹಾದಲ್ಲಿ ಬಿಸ್ಕತ್ತು ಅದ್ದಿಕೊಂಡರೆ ಹೊತ್ತು ಕಳೆಯುತ್ತದೆ. ಯಾರೂ ಕರೆಯುವುದಿಲ್ಲ ಎಂದಲ್ಲ, ಕರೆದು ಕರೆದು ಬಿಟ್ಟರು. ಹೀಗೆಂದು ಅವನಿಗೆ ಓದಿ ಹೇಳು, ಮುಚ್ಚಿಡಬೇಡ.

ಇನ್ನು ಒಂದು ವರ್ಷ ಇದೆ. ಅಷ್ಟೂ ದಿನ ನೀನು ಅವನ ಜೊತೆ ನಡೆಯಬೇಕು, ನಾನು ಇಲ್ಲಿ ನಿಲ್ಲಬೇಕು. ನನಗೂ ಸುಸ್ತು, ನಿನಗೂ ಸುಸ್ತು. ಇಬ್ಬರೂ ಬಿಡುವಂತಿಲ್ಲ.

ಇವತ್ತು ಮಧ್ಯಾಹ್ನ ಗಂಟೆ ಹೊಡೆದಾಗ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದೆ. ಮೇಲೆ ಹೋಗಿ ತಟ್ಟೆ ತೆಗೆದುಕೊಂಡೆ. ಅಡುಗೆಯವನು "ಏನಕ್ಕಾ, ದಾರಿ ತಪ್ಪಿ ಬಂದ್ರಾ?" ಎಂದ. ಇಲ್ಲಪ್ಪ, ಮಗ ಕಳಿಸಿದ ಎಂದೆ.

ಅವನಿಗೆ ಹೇಳು. ಅಮ್ಮ ಕುರ್ಚಿಯಲ್ಲಿ ಕೂತು ಉಂಡಳು. ಹೊಟ್ಟೆ ತುಂಬಿತು. ಎದ್ದಳು.

ಅಕ್ಕ